ತಬ್ಬಲಿ ಅಲೆಯ ಚರಿತ್ರೆ

(ಗಣರಾಜ್ಯೋತ್ಸವದ ಸಮಾರಂಭದಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ಈ ಸಭೆಯಲ್ಲಿ ಚರಿತ್ರೆಗೆ ಸಂಬಂಧಿಸಿದಂತೆ ನಾಲ್ಕು ಮಾತುಗಳನ್ನಾಡಬೇಕೆಂದು ಸಂಘಟಕರು ನನ್ನನ್ನು ಕೇಳಿದಾಗ, ನಾನು ಸಂವಿಧಾನದ ಬಗೆಗೋ ಕರ್ನಾಟಕದ ಏಕೀಕರಣದ ಬಗೆಗೋ ಮಾತನಾಡುವೆನೆಂದು ಅವರು ಭಾವಿಸಿದ್ದಿರಬೇಕು. ಆದರೆ ನಾನು ತಮ್ಮ ಮುಂದಿಡಲು ಬಯಸುವುದು ಇನ್ನೊಂದು ಜನವರಿ 26ರ ಚರಿತ್ರೆ. ಅದು 1700ನೆಯ ಇಸವಿಯ ಜನವರಿ 26. ಮೈಸೂರಿನಲ್ಲಿ ಆಗ ಚಿಕ್ಕದೇವರಾಜ ಒಡೆಯರ ಆಳ್ವಿಕೆ. ಆ ರಾತ್ರಿ ಸುಮಾರು ಒಂಬತ್ತು ಗಂಟೆಗೆ, ನಾವು ನೆಲೆಸಿರುವ ಈ ಪಶ್ಚಿಮ ಕರಾವಳಿಯ ಉತ್ತರಕ್ಕೆ, ಸಮುದ್ರದಡಿಯ ಶಿಲೆ ಸುಮಾರು ಸಾವಿರ ಕಿಲೋಮೀಟರ್ ಉದ್ದಕ್ಕೆ ಹರಿದುಹೋಯಿತು. ಅದನ್ನು ಕಂಡು ಬರೆದಿಟ್ಟವರು ಈ ಕರಾವಳಿಯಲ್ಲಿ ಒಬ್ಬರೂ ಇರಲಿಲ್ಲ. ಹಾಗಿದ್ದೂ ಅದರ ತಿಂಗಳು, ತಾರೀಖು, ಗಂಟೆ ಎಲ್ಲವೂ ಇಂದು ನಮಗೆ ತಿಳಿದಿವೆ. ಹೇಗೆ ತಿಳಿದವು, ತಿಳಿದದ್ದರಿಂದ ನಮಗೇನು ಎಂಬುದೇ ಈ ಉಪನ್ಯಾಸದ ವಿಷಯ.

ಗುಜರಾತಿನ ಭುಜ್ ಭೂಕಂಪ ಸಂಭವಿಸಿದ್ದೂ 2001ರ ಜನವರಿ 26ರಂದು. ಇದು ಕೇವಲ ಆಕಸ್ಮಿಕ. ಭೂಮಿ ಪಂಚಾಂಗ ನೋಡಿ ನಡುಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ವೈದ್ಯನಾದವನಿಗೆ ಈ ವಿಷಯದ ಗೊಡವೆ ಏಕೆ ಎಂದು ತಾವು ಕೇಳಬಹುದು. 1993ರಲ್ಲಿ ನಾನು ಅಂದಿನ ಗುಲ್ಬರ್ಗದಲ್ಲಿ, ಇಂದಿನ ಕಲಬುರಗಿಯಲ್ಲಿ, ಎಂ.ಬಿ.ಬಿ.ಎಸ್. ಮುಗಿಸಿ ಹೌಸ್ ಸರ್ಜನ್ ಆಗಿದ್ದೆ. ಸೆಪ್ಟೆಂಬರ್ 30ರ ಬೆಳಗಿನ ಜಾವ ನಾಲ್ಕು ಗಂಟೆಯ ಸುಮಾರಿಗೆ ಮಂಚ ಅಲುಗಾಡಿ ಎಚ್ಚರವಾಯಿತು. ಗಡಿಯಾಚೆಗಿನ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ, ಗಣೇಶನನ್ನು ನೀರಿಗೆ ಬಿಟ್ಟು ಬಂದು ಮಲಗಿದ್ದ ಜನ, ಕಲ್ಲುಮಣ್ಣಿನ ದಪ್ಪ ಗೋಡೆಗಳ ಅಡಿಯಲ್ಲಿ ಸಿಕ್ಕಿ ಸಾವಿರಾರು ಸಂಖ್ಯೆಯಲ್ಲಿ ಮಡಿದಿದ್ದರು. ಅಂದು ಕೈ ಮುರಿದುಕೊಂಡು ವಾರ್ಡಿಗೆ ಬಂದಿದ್ದ ಆಳಂದದ ಕಡೆಯ ಹಿರಿಯರೊಬ್ಬರು, ಪಟ್ಟಿ ಕಟ್ಟಿಸಿಕೊಳ್ಳುತ್ತಲೇ, "ನಮ್ಮ ಅಜ್ಜನ ಕಾಲದಾಗೂ ಭೂಮಿ ನಡುಗಿದ್ದು ಕೇಳಿಲ್ರಿ ಡಾಕ್ಟ್ರೆ" ಎಂದರು. ದಖನ್ ಪೀಠಭೂಮಿ ಗಟ್ಟಿ ನೆಲ, ಅಲ್ಲಿ ಭೂಕಂಪದ ಭಯವಿಲ್ಲ ಎಂದು ನಾವೂ ಶಾಲೆಯಲ್ಲಿ ಓದಿದ್ದೆವು. ಅಜ್ಜನ ನೆನಪಿಗಿಂತ ಭೂಮಿಯ ನೆನಪು ಬಹಳ ಉದ್ದ ಎಂಬ ಪಾಠ ಅಂದು ನನಗಾಯಿತು. ನೋವಿಲ್ಲ ಎಂದ ಮಾತ್ರಕ್ಕೆ ರೋಗವಿಲ್ಲ ಎಂದು ವೈದ್ಯನು ತೀರ್ಮಾನಿಸಲಾರ. ಆತ ಮೊದಲು ರೋಗಿಯ ಪೂರ್ವವೃತ್ತಾಂತವನ್ನು ಕೇಳುತ್ತಾನೆ. ಮಾತು ಬಾರದ ಭೂಮಿಯ ಪೂರ್ವವೃತ್ತಾಂತವನ್ನು ಕೇಳಿ ತಿಳಿದವರ ಕಥೆಯನ್ನು ಈಗ ಹೇಳುತ್ತೇನೆ.

ಭೂಮಿಯ ಹೊರಕವಚ ಅಖಂಡವಾಗಿಲ್ಲ. ಕೆಲವು ದೊಡ್ಡ, ಹಲವು ಸಣ್ಣ ಶಿಲಾಫಲಕಗಳಾಗಿ ಒಡೆದಿದೆ. ಅವು ನಮ್ಮ ಉಗುರು ಬೆಳೆಯುವಷ್ಟು ನಿಧಾನವಾಗಿ, ವರ್ಷಕ್ಕೆ ಕೆಲವು ಸೆಂಟಿಮೀಟರಿನಂತೆ ಸರಿಯುತ್ತವೆ. ಎರಡು ಫಲಕಗಳು ಒಂದರ ಪಕ್ಕ ಒಂದು ಉಜ್ಜಿಕೊಂಡು ಸಾಗುವುದು ಒಂದು ಬಗೆ. ನಮ್ಮ ಸ್ಯಾನ್ ಆಂಡ್ರಿಯಾಸ್ ಸ್ತರಭಂಗ ಈ ಬಗೆಯದು. ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೊ ಎರಡೂ ಅದರ ಪಶ್ಚಿಮಕ್ಕಿದ್ದು, ಪೆಸಿಫಿಕ್ ಫಲಕದ ಮೇಲೆ ಕುಳಿತು ವಾಯವ್ಯಕ್ಕೆ ಪಯಣಿಸುತ್ತಿವೆ. ಒಂದು ಫಲಕ ಇನ್ನೊಂದರ ಅಡಿಗೆ ನುಸುಳಿ ಭೂಗರ್ಭಕ್ಕೆ ಇಳಿಯುವುದು ಇನ್ನೊಂದು ಬಗೆ. ಇದನ್ನು ವಿಜ್ಞಾನಿಗಳು ಸಬ್‌ಡಕ್ಷನ್ ವಲಯ ಎನ್ನುತ್ತಾರೆ. ಚಿಲಿ, ಅಲಾಸ್ಕ, ಜಪಾನ್, ಸುಮಾತ್ರಗಳ ಕರಾವಳಿಗಳು ಇಂಥ ವಲಯಗಳ ಮೇಲಿವೆ.

ಈ ಎರಡನೆಯ ಬಗೆಯಲ್ಲಿ ಅಪಾಯ ಹುಟ್ಟುವ ಕ್ರಮವನ್ನು ಸ್ವಲ್ಪ ಗಮನಿಸಬೇಕು. ಇಳಿಯುವ ಫಲಕಕ್ಕೂ ಮೇಲಿನ ಫಲಕಕ್ಕೂ ನಡುವಣ ಅಂಚು ನೂರಾರು ವರ್ಷ ಬಿಗಿದುಕೊಂಡಿರುತ್ತದೆ. ಕೆಳಗಿನದು ಇಳಿಯುತ್ತ ಮೇಲಿನದರ ತುದಿಯನ್ನೂ ಎಳೆದೊಯ್ಯುತ್ತದೆ. ತುದಿ ತಗ್ಗುತ್ತದೆ, ಹಿಂದಿನ ಕರಾವಳಿ ಬಿಲ್ಲಿನಂತೆ ಬಾಗಿ ಉಬ್ಬುತ್ತದೆ. ಒಂದು ದಿನ ಹಿಡಿತ ತಪ್ಪುತ್ತದೆ. ಆಗ ಸಮುದ್ರದಡಿಯ ತುದಿ ಮೇಲಕ್ಕೆ ಚಿಮ್ಮಿ ತನ್ನ ಮೇಲಿನ ಇಡೀ ನೀರನ್ನು ಎತ್ತುತ್ತದೆ. ಉಬ್ಬಿದ್ದ ಕರಾವಳಿ ಒಂದೆರಡು ಮೀಟರ್ ಕುಸಿಯುತ್ತದೆ. ಎತ್ತಲ್ಪಟ್ಟ ನೀರು ಸುನಾಮಿಯಾಗಿ ಎರಡೂ ದಿಕ್ಕಿಗೆ ಹೊರಡುತ್ತದೆ. ನಾಲ್ಕು ಸಾವಿರ ಮೀಟರ್ ಆಳದ ಸಾಗರದಲ್ಲಿ ಅದರ ವೇಗ ಗಂಟೆಗೆ ಸುಮಾರು 700 ಕಿಲೋಮೀಟರ್, ಹೆಚ್ಚುಕಡಿಮೆ ವಿಮಾನದ ವೇಗ. ಅಲ್ಲಿ ಅದರ ಎತ್ತರ ಮಾತ್ರ ಸಾಮಾನ್ಯವಾಗಿ ಒಂದು ಮೀಟರಿಗಿಂತ ಕಡಿಮೆ. ಹಡಗಿನಲ್ಲಿದ್ದವರಿಗೆ ಅರಿವೂ ಆಗದು. ದಡ ಸಮೀಪಿಸಿ ಆಳ ಕಡಿಮೆಯಾದಂತೆ ವೇಗ ಕುಗ್ಗುತ್ತದೆ, ನೀರು ಎದ್ದು ನಿಲ್ಲುತ್ತದೆ. ಜಪಾನೀ ಭಾಷೆಯಲ್ಲಿ ಸುನಾಮಿ ಎಂದರೆ ಬಂದರಿನ ಅಲೆ. ಈ ಅರ್ಥವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಸ್ಯಾನ್ ಡಿಯಾಗೊವಿನ ಮಾತು ಬಂದಾಗ ಅದು ಬೇಕಾಗುತ್ತದೆ.

ಈ ಜ್ಞಾನದ ಬಹುಭಾಗ ರೂಪುಗೊಂಡದ್ದು ನಮ್ಮ ನೆರೆಹೊರೆಯಲ್ಲಿಯೇ ಎಂಬುದು ಸಂತೋಷದ ಸಂಗತಿ. ಭೂಕಂಪಗಳ ಕೇಂದ್ರಗಳು ಜ್ವಾಲಾಮುಖಿಗಳ ಸಾಲಿನಡಿ ಓರೆಯಾಗಿ ಆಳಕ್ಕಿಳಿಯುತ್ತವೆ ಎಂಬುದನ್ನು ಜಪಾನಿನ ಕಿಯೊ ವಾದಾತಿ ಮೊದಲು ಕಂಡರು. ಪ್ಯಾಸಡೀನದ ಕ್ಯಾಲ್‌ಟೆಕ್ ಸಂಸ್ಥೆಯ ಹ್ಯೂಗೊ ಬೆನಿಯಾಫ್ ಅದನ್ನು ಪೆಸಿಫಿಕ್ಕಿನ ಸುತ್ತಲೂ ಗುರುತಿಸಿದರು. ಇಂದಿಗೂ ಆ ಓರೆ ವಲಯಕ್ಕೆ ಇಬ್ಬರ ಹೆಸರೂ ಇದೆ. ಭೂಕಂಪದ ಪ್ರಮಾಣವನ್ನು ಅಳೆಯಲು 1935ರಲ್ಲಿ ಚಾರ್ಲ್ಸ್ ರಿಕ್ಟರ್ ಮಾಪಕ ರಚಿಸಿದ್ದೂ ಪ್ಯಾಸಡೀನದಲ್ಲೇ. ಅತಿ ದೊಡ್ಡ ಭೂಕಂಪಗಳಿಗೆ ಆ ಅಳತೆಗೋಲು ಸಾಲದೆಂದು ಕಂಡು, 1970ರ ದಶಕದಲ್ಲಿ ಅಲ್ಲಿಯೇ ಹಿರೂ ಕನಮೊರಿ ಹೊಸ ಅಳತೆಯನ್ನು ರೂಪಿಸಿದರು. 1970ರಲ್ಲಿ, ಲಾ ಹೋಯಾದ ಸ್ಕ್ರಿಪ್ಸ್ ಸಾಗರವಿಜ್ಞಾನ ಸಂಸ್ಥೆಯಲ್ಲಿ ವಿದ್ಯಾರ್ಥಿನಿಯಾಗಿದ್ದ ತಾನ್ಯಾ ಆಟ್‌ವಾಟರ್ ನಮ್ಮ ಕರಾವಳಿಯ ಜಾತಕವನ್ನೇ ಬಿಡಿಸಿಟ್ಟರು. ಒಂದಾನೊಂದು ಕಾಲದಲ್ಲಿ ಕ್ಯಾಲಿಫೋರ್ನಿಯವೂ ಸಬ್‌ಡಕ್ಷನ್ ವಲಯವೇ ಆಗಿತ್ತು. ಫ್ಯಾರಲಾನ್ ಎಂಬ ಫಲಕ ಇಲ್ಲಿ ಖಂಡದ ಅಡಿಗೆ ಇಳಿಯುತ್ತಿತ್ತು. ಸುಮಾರು ಮೂರು ಕೋಟಿ ವರ್ಷಗಳ ಹಿಂದಿನಿಂದ ಅದು ಇಲ್ಲಿ ಮುಗಿಯುತ್ತ ಬಂದು, ಅದರ ಜಾಗದಲ್ಲಿ ಸ್ಯಾನ್ ಆಂಡ್ರಿಯಾಸ್ ಹುಟ್ಟಿತು.

ಸ್ಯಾನ್ ಡಿಯಾಗೊವಿನ ಪೂರ್ವದ ಗುಡ್ಡಗಳಲ್ಲಿ ಹೆಬ್ಬಂಡೆಗಳನ್ನು ಕಂಡು "ಅರೆ, ರಾಮನಗರದ ಹಾಗೆಯೇ ಇದೆಯಲ್ಲ" ಎಂದು ನಾವು ಎಷ್ಟು ಸಲ ಉದ್ಗರಿಸಿಲ್ಲ! ರಾಮನಗರದ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ. ಇಲ್ಲಿಯದಕ್ಕೆ ಹತ್ತು ಕೋಟಿ ವರ್ಷದ ಆಸುಪಾಸು, ಭೂಮಿಯ ಲೆಕ್ಕದಲ್ಲಿ ಎಳೆಯ ಕೂಸು. ಆ ಪುರಾತನ ಫಲಕ ಇಳಿಯುತ್ತಿದ್ದಾಗ ಆಳದಲ್ಲಿ ಕರಗಿ ಎದ್ದ ಶಿಲಾರಸವೇ ತಣಿದು ಈ ಬಂಡೆಗಳಾದವು.

ಫ್ಯಾರಲಾನ್ ಪೂರ್ತಿ ಅಳಿಯಲಿಲ್ಲ. ಅದರ ತುಣುಕುಗಳು ಉತ್ತರದಲ್ಲಿ ಇನ್ನೂ ಉಳಿದಿವೆ. ಕ್ಯಾಲಿಫೋರ್ನಿಯದ ಕೇಪ್ ಮೆಂಡೊಸಿನೊದಿಂದ ಕೆನಡದ ವ್ಯಾಂಕೂವರ್ ದ್ವೀಪದವರೆಗೆ ಇಂದಿಗೂ ಖಂಡದ ಅಡಿಗೆ ಇಳಿಯುತ್ತಿವೆ. ಅದೇ ಕ್ಯಾಸ್ಕೇಡಿಯ ವಲಯ. ಬಿಳಿಯರು ಬಂದು ದಾಖಲೆ ಆರಂಭಿಸಿದ ಮೇಲೆ ಅಲ್ಲಿ ಮಹಾಭೂಕಂಪವೊಂದೂ ಆಗಿರಲಿಲ್ಲ. ಆದ್ದರಿಂದ ಅಲ್ಲಿ ಫಲಕಗಳು ಸದ್ದಿಲ್ಲದೆ ಜಾರುತ್ತಿರಬೇಕೆಂದು ಹಲವು ವಿಜ್ಞಾನಿಗಳು ನಂಬಿದ್ದರು. ಆಳಂದದ ಹಿರಿಯರ ಮಾತೇ ಇದು, ಇಂಗ್ಲಿಷಿನಲ್ಲಿ! 1984ರಲ್ಲಿ ಪ್ಯಾಸಡೀನದ ಥಾಮಸ್ ಹೀಟನ್ ಮತ್ತು ಕನಮೊರಿ, ಈ ವಲಯ ದಕ್ಷಿಣ ಚಿಲಿಯನ್ನೇ ಹೋಲುತ್ತದೆ, ಇದರ ಮೌನವನ್ನು ನಂಬಲಾಗದು ಎಂದು ಎಚ್ಚರಿಸಿದರು.

ಸಾಕ್ಷ್ಯ ದೊರೆತದ್ದು ಕೆಸರಿನಲ್ಲಿ. 1964ರ ಅಲಾಸ್ಕ ಭೂಕಂಪದ ಬಳಿಕ, ಭೂವಿಜ್ಞಾನಿ ಜಾರ್ಜ್ ಪ್ಲಾಫ್ಕರ್ ಕರಾವಳಿಯನ್ನೆಲ್ಲ ಸುತ್ತಿ, ಎಲ್ಲಿ ನೆಲ ಎದ್ದಿದೆ, ಎಲ್ಲಿ ಕುಸಿದಿದೆ ಎಂದು ಅಳೆದಿದ್ದರು. ಕುಸಿದೆಡೆ ಉಪ್ಪುನೀರು ನುಗ್ಗಿ ಕಾಡುಗಳು ನಿಂತಲ್ಲೇ ಸತ್ತಿದ್ದವು. 1980ರ ದಶಕದಲ್ಲಿ ಬ್ರಯನ್ ಆಟ್‌ವಾಟರ್, ಮೊದಲು ಹೇಳಿದ ತಾನ್ಯಾ ಅವರಲ್ಲ, ಬೇರೆಯವರು, ಇಂಥದೇ ಸತ್ತ ಕಾಡುಗಳನ್ನು ವಾಷಿಂಗ್ಟನ್ ರಾಜ್ಯದ ಕರಾವಳಿಯಲ್ಲಿ ಕಂಡರು. ದಡದ ಮಣ್ಣನ್ನು ಬಗೆದರೆ, ಹಳೆಯ ಹುಲ್ಲುನೆಲ, ಅದರ ಮೇಲೆ ಸಮುದ್ರದ ಮರಳು, ಅದರ ಮೇಲೆ ಕೆಸರು. ಹುಲ್ಲುನೆಲ ಹಠಾತ್ತನೆ ಕುಸಿದಿದೆ, ಕೂಡಲೇ ಸಮುದ್ರ ಮರಳು ಹೊತ್ತು ನುಗ್ಗಿದೆ. 1987ರಲ್ಲಿ ಅವರು ಇದನ್ನು ಪ್ರಕಟಿಸಿದರು. ಆದರೆ ಕಾಲ? ಇಂಗಾಲದ ಪರೀಕ್ಷೆ 1700ರ ಆಚೀಚೆಯ ಕೆಲವು ದಶಕಗಳನ್ನು ಮಾತ್ರ ತೋರಿಸಬಲ್ಲದಾಗಿತ್ತು.

ಉಳಿದ ಉತ್ತರ ಸಾಗರದ ಆಚೆಯ ದಡದಲ್ಲಿತ್ತು. ಜಪಾನಿನ ಗ್ರಾಮಮುಖ್ಯಸ್ಥರು, ವರ್ತಕರು, ಅಧಿಕಾರಿಗಳು ಬರೆದಿಟ್ಟ ಕಡತಗಳಲ್ಲಿ, ಗೆನ್‌ರೊಕು ಶಕೆಯ 12ನೆಯ ವರ್ಷ, 12ನೆಯ ತಿಂಗಳ ಎಂಟನೆಯ ದಿನ, ಅಂದರೆ 1700ರ ಜನವರಿ 27ರ ನಡುರಾತ್ರಿಯ ಹೊತ್ತಿಗೆ ಆರಂಭವಾದ ಒಂದು ಸುನಾಮಿಯ ಉಲ್ಲೇಖವಿದೆ. ಮಿಯಾಕೊ ಬಳಿಯ ಕುವಗಸಾಕಿ ಎಂಬ ಹಳ್ಳಿಯಲ್ಲಿ ನೀರು ಮನೆಗಳನ್ನು ಕೆಡವಿತು, ಎದ್ದ ಬೆಂಕಿ ಇನ್ನಷ್ಟನ್ನು ಸುಟ್ಟಿತು. ಮಿಹೊ ಎಂಬ ಹಳ್ಳಿಯ ಮುಖ್ಯಸ್ಥ, ಭೂಮಿ ನಡುಗದೆಯೇ ನೀರು ಹೀಗೆ ಮತ್ತೆ ಮತ್ತೆ ಏರಿದ್ದೇಕೆಂದು ಅಚ್ಚರಿಪಟ್ಟು ಬರೆದಿಟ್ಟಿದ್ದಾನೆ. ತಾಯಿ ಭೂಕಂಪವಿಲ್ಲದೆ ಬಂದ ಮರಿ ಅಲೆ. ಆದ್ದರಿಂದ ವಿದ್ವಾಂಸರು ಇದನ್ನು ತಬ್ಬಲಿ ಸುನಾಮಿ ಎಂದು ಕರೆದರು. 1996ರಲ್ಲಿ ಕೆಂಜಿ ಸಟಾಕೆ ಮತ್ತು ಅವರ ಸಂಗಡಿಗರು ಇತರ ಕರಾವಳಿಗಳನ್ನು ಒಂದೊಂದಾಗಿ ಕೈಬಿಟ್ಟು, ಇದರ ತಾಯಿ ಕ್ಯಾಸ್ಕೇಡಿಯ ಎಂದು ತೋರಿಸಿದರು. ಅಲೆ ಸಾಗರ ದಾಟಲು ಬೇಕಾದ ಸುಮಾರು ಹತ್ತು ಗಂಟೆಗಳನ್ನು ಹಿಂದಕ್ಕೆ ಎಣಿಸಿದಾಗ, ಈ ಕರಾವಳಿಯ ಜನವರಿ 26ರ ರಾತ್ರಿ ಒಂಬತ್ತು ಗಂಟೆ ಬಂತು. ಪ್ರಮಾಣ ಸುಮಾರು 9. ಮರುವರ್ಷ ಡೇವಿಡ್ ಯಮಗೂಚಿ ಮತ್ತು ಸಂಗಡಿಗರು ಸತ್ತ ದೇವದಾರುಗಳ ಬೇರುಗಳಲ್ಲಿ ವರ್ಷದ ಉಂಗುರಗಳನ್ನು ಎಣಿಸಿದರು. ಕೊನೆಯ ಉಂಗುರ ಬೆಳೆದದ್ದು 1699ರಲ್ಲಿ. ಮರಗಳ ಸಾಕ್ಷಿಗೂ ಕಡತಗಳ ಸಾಕ್ಷಿಗೂ ತಾಳೆಬಿತ್ತು.

ಮೂರನೆಯ ಸಾಕ್ಷಿಯೂ ಇತ್ತು. ಯಾರೂ ಕಿವಿಗೊಟ್ಟಿರಲಿಲ್ಲ ಅಷ್ಟೆ. ವ್ಯಾಂಕೂವರ್ ದ್ವೀಪದ ಪಚೀನ ಕೊಲ್ಲಿಯ ಹೂ-ಅಯ್-ಅಟ್ ಮೂಲನಿವಾಸಿಗಳು, ಒಂದು ರಾತ್ರಿ ನೆಲ ನಡುಗಿ, ಸಮುದ್ರ ಬಂದು, ದಡದ ಇಡೀ ಹಳ್ಳಿಯನ್ನು ಒಯ್ದಿತೆಂದೂ ಎತ್ತರದಲ್ಲಿದ್ದವರು ಮಾತ್ರ ಉಳಿದರೆಂದೂ ತಲೆಮಾರಿನಿಂದ ತಲೆಮಾರಿಗೆ ಹೇಳುತ್ತ ಬಂದಿದ್ದರು. ಲಿಪಿಯಿಲ್ಲದ ಅಜ್ಜಿಯರ ಕಥೆ ಸತ್ಯವಾಗಿತ್ತು.

ಇನ್ನು ನಮ್ಮ ಎರಡು ನಗರಗಳ ವಿಚಾರ. ನಮ್ಮ ಕಾಲಡಿಯಲ್ಲಿ ಇಂದು ಸಬ್‌ಡಕ್ಷನ್ ವಲಯವಿಲ್ಲ. ಇಲ್ಲಿಯ ಭೂಕಂಪಗಳ ಜಾತಿ ಬೇರೆ. 1994ರ ನಾರ್ತ್‌ರಿಡ್ಜ್ ಭೂಕಂಪದ ಪ್ರಮಾಣ 6.7, 1960ರ ಮೇ 22ರಂದು ಚಿಲಿಯಲ್ಲಾದದ್ದು 9.5, ಉಪಕರಣಗಳು ದಾಖಲಿಸಿದವುಗಳಲ್ಲಿ ಅತಿ ದೊಡ್ಡದು. ಒಂದು ಅಂಕ ಏರಿದರೆ ಶಕ್ತಿ ಸುಮಾರು 32 ಪಟ್ಟು ಏರುತ್ತದೆ. ಹೀಗೆ ಲೆಕ್ಕ ಹಾಕಿದರೆ ಚಿಲಿಯದು ನಾರ್ತ್‌ರಿಡ್ಜಿನ ಸುಮಾರು 16 ಸಾವಿರ ಪಟ್ಟು. ಆ ಶಕ್ತಿಯ ಒಂದಂಶ ಹದಿನಾಲ್ಕು ಗಂಟೆಗಳ ಬಳಿಕ ನಮ್ಮ ಬಂದರುಗಳಿಗೂ ಬಂತು. ಲಾಸ್ ಏಂಜಲೀಸ್ ಮತ್ತು ಲಾಂಗ್ ಬೀಚ್ ಬಂದರುಗಳಲ್ಲಿ ಸಣ್ಣ ದೋಣಿಗಳು ಹಗ್ಗ ಕಿತ್ತುಕೊಂಡು ತೇಲಿಹೋದವು. ಸ್ಯಾನ್ ಡಿಯಾಗೊವಿನಲ್ಲಿ ಆಗ ಕೊರೊನಾಡೊ ಸೇತುವೆ ಇರಲಿಲ್ಲ; ಅದು ತೆರೆದದ್ದು 1969ರಲ್ಲಿ. ಪ್ರಯಾಣಿಕರಿದ್ದ ಫೆರಿಯೊಂದು ಸೆಳವಿಗೆ ಸಿಕ್ಕಿ ಕೊರೊನಾಡೊ ಕಟ್ಟೆಗೆ ಅಪ್ಪಳಿಸಿತು. ಇನ್ನೊಂದು ದಾರಿ ತಪ್ಪಿ ಲಂಗರು ಹಾಕಿದ್ದ ಯುದ್ಧನೌಕೆಗಳ ನಡುವೆ ಹೋಯಿತು. ಬಂದರಿನ ಅಲೆ ಎಂಬ ಹೆಸರು ಎಷ್ಟು ಸಾರ್ಥಕ! ಇಲ್ಲಿ ಅದು ಗೋಡೆಯಂತೆ ಬರಲಿಲ್ಲ. ಮಳೆಗಾಲದ ತುಂಬುಹೊಳೆಯ ಸೆಳವಿನಂತೆ ಬಂತು.

1964ರ ಮಾರ್ಚ್ 27ರ ಅಲಾಸ್ಕ ಭೂಕಂಪದ ಪ್ರಮಾಣ 9.2. ಅದರ ಅಲೆಗಳು ಅಂದು ರಾತ್ರಿ ನಮ್ಮ ರಾಜ್ಯದ ಉತ್ತರದ ತುದಿಯ ಕ್ರೆಸೆಂಟ್ ಸಿಟಿಯನ್ನು ಹೊಕ್ಕವು. ಮೊದಲ ಅಲೆಗಳು ಇಳಿದ ಮೇಲೆ, ಮುಗಿಯಿತೆಂದು ಜನ ಅಂಗಡಿ ಮುಂಗಟ್ಟುಗಳನ್ನು ಶುಚಿಗೊಳಿಸಲು ಹಿಂದಿರುಗಿದರು. ನಾಲ್ಕನೆಯ ಅಲೆ ಎಲ್ಲಕ್ಕಿಂತ ದೊಡ್ಡದಾಗಿತ್ತು. ಹತ್ತಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಎಚ್ಚರಿಕೆ ಸಿಗದೆ ಸತ್ತವರಲ್ಲ ಇವರು; ಮೊದಲ ಅಲೆಯೇ ದೊಡ್ಡದೆಂಬ ತಿಳಿವಳಿಕೆಯ ತಪ್ಪಿನಿಂದ ಸತ್ತವರು.

ಇಲ್ಲಿ ನನ್ನದೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. 2011ರ ಮಾರ್ಚ್ 11ರ ಬೆಳಗ್ಗೆ, ಜಪಾನಿನ ತೊಹೊಕು ಸುನಾಮಿಯ ಅಲೆಗಳು ಇಲ್ಲಿಗೆ ಬರುವ ಸಮಯವನ್ನು ಟೆಲಿವಿಷನ್ನಿನಲ್ಲಿ ಕೇಳಿ, ಸ್ನೇಹಿತರೊಬ್ಬರು "ನೋಡಿಕೊಂಡು ಬರೋಣ, ಬರ್ತೀರಾ ಡಾಕ್ಟ್ರೇ" ಎಂದು ಫೋನು ಮಾಡಿದರು. ನಾನು ಹೊರಟೆ, ಸಾಲದೆಂಬಂತೆ ಸಣ್ಣ ಮಗನನ್ನೂ ಕರೆದೊಯ್ದೆ. ಶೆಲ್ಟರ್ ಐಲೆಂಡಿನ ಬಳಿ ನೀರು ಹೆಚ್ಚೇನೂ ಏರಲಿಲ್ಲ. ಆದರೆ ಅದು ಹರಿಯುತ್ತಿದ್ದ ರಭಸ, ದೋಣಿಕಟ್ಟೆಗಳು ನರಳುತ್ತಿದ್ದ ಸದ್ದು ಇಂದಿಗೂ ಕಿವಿಯಲ್ಲಿದೆ. ಮಗ ಕಟ್ಟೆಯ ತುದಿಗೆ ಓಡುತ್ತಿದ್ದಾಗ ಕಾವಲಿನವನೊಬ್ಬ ಕೂಗಿ ನಮ್ಮನ್ನು ದೂರ ಅಟ್ಟಿದ. ಆ ದಿನ ಇಲ್ಲಿ ಕಟ್ಟೆಗಳಿಗೂ ದೋಣಿಗಳಿಗೂ ಹಾನಿಯಾಯಿತು. ಉತ್ತರದ ಕ್ಲಾಮತ್ ನದಿಯ ಮುಖದಲ್ಲಿ ಅಲೆಯನ್ನು ನೋಡಲು ಹೋದವರಲ್ಲಿ ಒಬ್ಬ ಯುವಕ ಕೊಚ್ಚಿಹೋದ. ಕ್ರೆಸೆಂಟ್ ಸಿಟಿಯ ಚರಿತ್ರೆಯನ್ನು ನಾನು ಓದಿದ್ದು ಅದಾದ ಬಳಿಕ. ಮೊದಲೇ ಓದಿದ್ದರೆ ಮಗನನ್ನು ಅಲ್ಲಿಗೆ ಕರೆದೊಯ್ಯುತ್ತಿರಲಿಲ್ಲ.

2025ರ ಜುಲೈನಲ್ಲಿ ರಷ್ಯದ ಕಮ್‌ಚಾಟ್ಕದಲ್ಲಿ 8.8 ಪ್ರಮಾಣದ ಭೂಕಂಪವಾಗಿ ನಮ್ಮ ಕರಾವಳಿಗೂ ಸೂಚನೆ ಹೊರಟಾಗ, ಊರಿನಿಂದ ಬಂದಿದ್ದ ನನ್ನ ತಾಯಿ ಕೇಳಿದರು: "ಓಡಬೇಕಂದ್ರ ಎತ್ತ ಕಡೆ ಓಡಬೇಕೋ ತಮ್ಮಾ?" ಇಷ್ಟು ವರ್ಷ ಇಲ್ಲಿದ್ದೂ ನಾನು ಥಟ್ಟನೆ ಉತ್ತರಿಸಲಾರದೆ ಹೋದೆ. ನಾವು ಕೆಲಸಕ್ಕೆ ಹೋದಾಗ ಮನೆಯಲ್ಲಿರುವವರು, ಸಂಜೆ ಮೊಮ್ಮಕ್ಕಳೊಂದಿಗೆ ಸಮುದ್ರದಂಡೆಯಲ್ಲಿ ತಿರುಗಾಡುವವರು ಅವರೇ. ಎಚ್ಚರಿಕೆಗಳೆಲ್ಲ ಬರುವುದು ಅವರಿಗೆ ತಿಳಿಯದ ಭಾಷೆಯಲ್ಲಿ.

ಎಚ್ಚರಿಕೆ ಮಾತೃಭಾಷೆಯಲ್ಲಿದ್ದರೆ ಏನಾಗುತ್ತದೆ ಎಂಬುದಕ್ಕೆ ಸುಮಾತ್ರದ ಪಕ್ಕದ ಸಿಮೆಲೂ ದ್ವೀಪವೇ ನಿದರ್ಶನ. 1907ರಲ್ಲಿ ಅಲ್ಲಿ ಸುನಾಮಿ ಬಂದು ಅನೇಕರು ಸತ್ತಿದ್ದರು. ಉಳಿದವರು ಸ್ಮಾಂಗ್ ಎಂಬ ಒಂದು ಪದವನ್ನು ಮಕ್ಕಳಿಗೆ ಕಲಿಸಿದರು: ನೆಲ ಬಲವಾಗಿ ನಡುಗಿ, ಸಮುದ್ರ ಹಿಂದೆ ಸರಿದರೆ, ಗುಡ್ಡಕ್ಕೆ ಓಡು. 2004ರ ಡಿಸೆಂಬರ್ 26ರಂದು, ಹಿಂದೂ ಮಹಾಸಾಗರದ ದಡಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಮಡಿದಾಗ, ಭೂಕಂಪದ ಕೇಂದ್ರಕ್ಕೆ ಅಷ್ಟು ಸಮೀಪವಿದ್ದ ಆ ದ್ವೀಪದ ಸುಮಾರು 78 ಸಾವಿರ ಜನರಲ್ಲಿ ಸತ್ತವರು ಏಳು ಮಂದಿ. ಜಪಾನಿನಲ್ಲಿ, ಹಿಂದೆ ಹೇಳಿದ ಮಿಯಾಕೊವಿಗೆ ಸೇರಿದ ಅನೆಯೊಶಿ ಎಂಬ ಹಳ್ಳಿಯಲ್ಲಿ, 1933ರ ಸುನಾಮಿಯ ನಂತರ ಹಿರಿಯರು, ಇದಕ್ಕಿಂತ ಕೆಳಗೆ ಮನೆ ಕಟ್ಟಬೇಡಿರೆಂಬ ಶಿಲಾಶಾಸನ ನಿಲ್ಲಿಸಿದ್ದರು. 2011ರ ಅಲೆ ಆ ಕಲ್ಲಿನ ಕೆಳಗೇ ನಿಂತಿತು. ಮಾಸ್ತಿಕಲ್ಲು, ವೀರಗಲ್ಲುಗಳ ನಾಡಿನಿಂದ ಬಂದ ನಮಗೆ, ಕಲ್ಲು ಮಾತನಾಡುತ್ತದೆ ಎಂಬುದನ್ನು ವಿವರಿಸಬೇಕಾಗಿಲ್ಲ.

ನಮ್ಮ ಊರಿನ ಕಡಲೂ ಇದರಿಂದ ಹೊರತಲ್ಲ. ಅರಬ್ಬೀ ಸಮುದ್ರದ ಉತ್ತರದಲ್ಲಿ ಮಕ್ರಾನ್ ಎಂಬ ಸಬ್‌ಡಕ್ಷನ್ ವಲಯವಿದೆ. 1945ರ ನವೆಂಬರಿನಲ್ಲಿ ಅದರ ಸುನಾಮಿ ಮುಂಬಯಿಯವರೆಗೂ ಬಂದು ಜೀವ ಬಲಿ ತೆಗೆದುಕೊಂಡಿತ್ತು. ಭಾರತದಲ್ಲಿ 2007ರಿಂದ ಹೈದರಾಬಾದಿನ ಕೇಂದ್ರ ಸುನಾಮಿಯ ಮುನ್ನೆಚ್ಚರಿಕೆ ನೀಡುತ್ತಿದೆ.

ವೈದ್ಯನ ಮಾತು ಔಷಧ ಚೀಟಿಯಿಲ್ಲದೆ ಮುಗಿಯಬಾರದು. ನನ್ನ ತಾಯಿಗೆ ತಡವಾಗಿ ನೀಡಿದ ಉತ್ತರವನ್ನೇ ತಮಗೂ ನೀಡುತ್ತೇನೆ. ನೆಲ ನಡುಗಿದಾಗ ಹೊರಗೆ ಓಡಬೇಡಿ. ಬಗ್ಗಿ, ಗಟ್ಟಿ ಮೇಜಿನಡಿ ಸೇರಿ, ಅದನ್ನು ಹಿಡಿದುಕೊಳ್ಳಿ. ಆಗ ಸಮುದ್ರದಂಡೆಯಲ್ಲಿದ್ದರೆ, ನಡುಕ ನಿಂತೊಡನೆ ಸೈರನ್ನಿಗೆ ಕಾಯದೆ ಎತ್ತರಕ್ಕೆ, ಒಳನಾಡಿಗೆ ನಡೆಯಿರಿ. ನಮ್ಮ ಕರಾವಳಿಯ ಸಮೀಪದಲ್ಲೇ ಸಮುದ್ರದಡಿ ಸ್ತರಭಂಗಗಳಿವೆ. ಅಂಥ ಕಡೆ ಅಲೆ ಎದ್ದರೆ ನಿಮಿಷಗಳಷ್ಟೇ ಸಮಯ. ದೂರದ ಅಲೆಯಾದರೆ ಗಂಟೆಗಳ ಬಿಡುವಿದೆ. ಹೆದರಬೇಕಾಗಿಲ್ಲ, ಆದರೆ ನೋಡಲು ಹೋಗಬೇಡಿ. ಮೊದಲ ಅಲೆಯೇ ಕೊನೆಯದಲ್ಲ. ಅಧಿಕಾರಿಗಳು ಹೇಳುವವರೆಗೆ ಹಿಂದಿರುಗಬೇಡಿ. ನಿಮ್ಮ ಮನೆ, ಮಕ್ಕಳ ಶಾಲೆ ಅಪಾಯದ ವಲಯದಲ್ಲಿವೆಯೇ ಎಂದು ರಾಜ್ಯ ಸರ್ಕಾರದ ಸುನಾಮಿ ನಕ್ಷೆಯಲ್ಲಿ ಒಮ್ಮೆ ನೋಡಿಕೊಳ್ಳಿ. ಬಹುಪಾಲು ಮನೆಗಳು ಅದರಲ್ಲಿಲ್ಲ ಎಂಬ ಸಮಾಧಾನವೂ ದೊರೆತೀತು.

ಇಷ್ಟನ್ನು ಇಂದು ಮನೆಗೆ ಹೋದ ಮೇಲೆ ಊರಿನಿಂದ ಬಂದಿರುವ ಅಜ್ಜ ಅಜ್ಜಿಯರಿಗೆ ಕನ್ನಡದಲ್ಲೇ ಹೇಳಿ. ಅವರು ಮೊಮ್ಮಕ್ಕಳಿಗೆ ಹೇಳಲಿ. 1700ರ ಆ ರಾತ್ರಿಯನ್ನು ನಮಗೆ ಮುಟ್ಟಿಸಿದವರಲ್ಲಿ, ಹೆಸರೂ ತಿಳಿಯದ ಒಬ್ಬ ಗ್ರಾಮಮುಖ್ಯಸ್ಥ ಮತ್ತು ಮಕ್ಕಳಿಗೆ ಕಥೆ ಹೇಳಿದ ಹಿರಿಯರೂ ಇದ್ದಾರೆ. ನಮ್ಮ ಮನೆಗಳಲ್ಲೂ ಆ ಕೆಲಸ ಸಾಗಲಿ.